ಬ್ಯಾಟರಿ ನೀರು, ಒಂದು ಲೀಟರ್

ಮೇ ಎರಡನೇ ವಾರ. ತೀನ್ ಕಂದೀಲ್ ಹಿಂದಿನ ಗಲ್ಲಿ,
ಮಹಡಿಯ ಮೇಲೆ, ತಗಡಿನ ಕೆಳಗೆ ನನ್ನ ಸ್ಟುಡಿಯೋ.
ಹನ್ನೊಂದು ಮದುವೆ ಬಾಕಿ.
ಮಾನ್ವಿಯ ಮದುಮಗಳು ನಾಲ್ಕು ದಿನದಿಂದ
ನಲವತ್ತೊಂದನೇ ಪರ್ಸೆಂಟಿನಲ್ಲೇ ನಿಂತಿದ್ದಾಳೆ.
ಅಕ್ಷತೆ ಗಾಳಿಯಲ್ಲಿ, ಕಣ್ಣು ಅರ್ಧ ಮುಚ್ಚಿ.
ತೊಂಬತ್ತೇಳು ಡಿಗ್ರಿಗೆ ಯಂತ್ರ ಕೈಚೆಲ್ಲುತ್ತದೆ.

"ಇದು ಫ್ಯಾನಿನ ಕೆಲಸ ಅಲ್ಲವ್ವ ಸೂಗಮ್ಮ,"
ಅಂದರು ದಸ್ತಗೀರ್ ಚಾಚಾ,
ಬೈಪಾಸಿನಲ್ಲಿ ನಲವತ್ತು ವರ್ಷ
ಲಾರಿ ರೇಡಿಯೇಟರಿಗೆ ಬೆಸುಗೆ ಹಾಕಿದವರು.
"ಘಾಟ್ ಹತ್ತೋ ಇಂಜಿನ್ನಿಗೆ
ಬೀಸಣಿಗಿ ಹಿಡದು ಕುಂತರ ಆತದೇನು?"

ಗುಜರಿಯಿಂದ ಮಾರುತಿಯೊಂದರ ಹೀಟರ್ ಕೋರ್ ತಂದರು.
ರಾಯಚೂರಲ್ಲಿ ಯಾರೂ ಒಮ್ಮೆಯೂ ತಿರುಗಿಸದ ಗುಂಡಿಯ ಹಿಂದೆ
ಹೊಸದಾಗೇ ಉಳಿದಿತ್ತು ಪಾಪ.
ತೊಟ್ಟಿಯಲ್ಲಿ ಮುಳುಗಿಸಿ, ಒಂದು ತುದಿ ಬೆರಳಲ್ಲಿ ಮುಚ್ಚಿ
ಇನ್ನೊಂದರಿಂದ ಊದಿದರು,
ಶಹನಾಯಿಯವರ ಹಾಗೆ ಕೆನ್ನೆಯುಬ್ಬಿಸಿ.
ಗುಳ್ಳೆ ಬರಲಿಲ್ಲ.
"ಸೋರಿಕಿಗೆ ಬಾಯಿ ಇರ್ತದ. ನೀರಾಗ ಇಟ್ರ ಮಾತಾಡ್ತದ."

ಕ್ಯಾಬಿನೆಟ್ಟಿನ ನೆತ್ತಿ ಕೊಯ್ದೆವು.
ಕಿಡಿ ಹಾರಿ ನನ್ನ ದುಪಟ್ಟಾಕ್ಕೆ ಮೂರು ತೂತು.
ಕೊಯ್ದ ಅಂಚಿಗೆ ಸೈಕಲ್ ಟ್ಯೂಬ್ ಸೀಳಿ ಕೂರಿಸಿದೆ.
ಚಿಪ್ಪಿನ ಮೇಲೆ ಪೇಸ್ಟು, ಎಲೆಗೆ ಸುಣ್ಣ ಸವರುವಷ್ಟೇ;
ಅದರ ಮೇಲೆ ತಾಮ್ರದ ದಿಮ್ಮಿ,
ನಾಲ್ಕು ಸ್ಕ್ರೂ, ಮೂಲೆಯಿಂದ ಎದುರು ಮೂಲೆಗೆ.
ಉಪ್ಪಿನಕಾಯಿ ಜಾಡಿಯೇ ಟ್ಯಾಂಕು.
ಮೂರು ಸಲ ತೊಳೆದರೂ ಮುಚ್ಚಳದಲ್ಲಿ ಇಂಗಿನ ವಾಸನೆ.

ಕೆಳಗಿನ ಮನೆಯ ಲಾಲಬಿ ಮೆಟ್ಟಿಲಿಂದಲೇ ಕೇಳಿದಳು:
"ನಳಕ್ಕ ನೀರು ಬಂದು ಐದು ದಿನ ಆತು.
ನಿನ್ನ ಪೆಟ್ಟಿಗಿ ಕುಡಿತದೇನು?"
ಬ್ಯಾಟರಿ ನೀರು ಅಕ್ಕ, ಒಂದೇ ಲೀಟರ್,
ಒಮ್ಮೆ ಕುಡದ್ರ ವರ್ಷ ಸಾಕು, ಅಂದೆ.
"ನನ್ನ ಮೂರು ಮಕ್ಕಳಿಗೂ ಅದನ್ನ ಕಲಿಸು."

ಬೇರಾವುದಕ್ಕೂ ಕರೆಂಟ್ ಕೊಡದೆ
ಹಸಿರು ತಂತಿಗೂ ಕರಿ ತಂತಿಗೂ ಹೇರ್‌ಪಿನ್ನು ಸಿಕ್ಕಿಸಿ
ಪಂಪ್ ಒಂದನ್ನೇ ಓಡಿಸಿದೆವು.
ಚಾಚಾ ಪೆಟ್ಟಿಗೆಯನ್ನು ಎದೆಗಾನಿಸಿ ಎಡಕ್ಕೆ ಬಲಕ್ಕೆ ವಾಲಿಸಿ
ಹಾಲು ಕುಡಿದ ಕೂಸಿಗೆ ತೇಗು ಬರಿಸುವಂತೆ
ಒಳಗಿನ ಗಾಳಿ ಬಿಡಿಸಿದರು.
ಪ್ರತಿ ಕೀಲಿನ ಕೆಳಗೂ ಟಿಶ್ಯೂ ಕಾಗದ ಹಾಸಿ
ಕಾದೆವು. ಚಹಾ. ಮತ್ತೆ ಚಹಾ.
ಒಂದು ದಿನ, ಒಂದು ರಾತ್ರಿ.
ಮೂರನೇ ತಿರುವಿನಲ್ಲಿ ಕಾಗದ ಕಪ್ಪಾಯಿತು,
ಜೋಳದ ಕಾಳಿನಷ್ಟು.
ಕ್ಲಿಪ್ಪಿಗೆ ಅರ್ಧ ಸುತ್ತು. ಹೊಸ ಕಾಗದ. ಮತ್ತೆ ಚಹಾ.

ನೀರು ಎಷ್ಟು ತಣ್ಣಗಾದೀತು ಚಾಚಾ?
"ಈ ಖೋಲಿಗಿಂತ ತಣ್ಣಗ ಆಗಂಗಿಲ್ಲ.
ತಂಪು ಮಾಡೋದು ಅದರ ಕೈಲಿಲ್ಲ.
ಬಿಸಿನ ಹೊತ್ತು ಅತ್ತಾಗ ಹಾಕ್ತದ, ಅಷ್ಟ."

ಅತ್ತಲೆಂದರೆ ನನ್ನ ಮೋರೆಗೆ,
ಮೋರೆಯಿಂದ ತಗಡಿಗೆ, ತಗಡಿಂದ ಊರಿಗೆ.
ಊರು ಎಲ್ಲಿ ಚೆಲ್ಲುತ್ತದೋ, ಕೇಳಲಿಲ್ಲ.
ಶಕ್ತಿನಗರದಲ್ಲಿ ಕೃಷ್ಣೆಯನ್ನೆತ್ತಿ
ಇದೇ ಕೂಲಿಗೆ ಹಚ್ಚಿದ್ದಾರೆ, ಕೊಳವೆ ಮಾತ್ರ ದೊಡ್ಡದು;
ಅಲ್ಲಿ ನೀರು ಬಿಸಿ ಹೊತ್ತರೆ
ಇಲ್ಲಿ ನನ್ನ ಸಾಕೆಟ್ಟಿಗೆ ಜೀವ.
ಜಾಡಿಯೊಳಗೆ ಕಿರುಬೆರಳಷ್ಟು ಸುಳಿ.

ಎಪ್ಪತ್ತೊಂದು ಡಿಗ್ರಿ. ಅಲ್ಲಿಂದ ಏರಲಿಲ್ಲ.
ಮಾನ್ವಿಯ ಮದುಮಗಳು ಕೊನೆಗೂ ಕಣ್ಣು ಮುಚ್ಚಿದಳು,
ಅಕ್ಷತೆ ಒಂದೊಂದಾಗಿ ಅವಳ ಹೆಗಲಿಗೆ, ನೆಲಕ್ಕೆ;
ಯಾರದೋ ಸೋದರಮಾವ ಅಡ್ಡ ಬಂದು ಹೋದ.
ತೊಂಬತ್ತೆರಡು. ತೊಂಬತ್ಮೂರು.
ಕರೆಂಟ್ ಹೋಯಿತು.

ಇಡೀ ಓಣಿ ಒಂದೇ ಉಸಿರಿಗೆ "ಹೋತಲ್ಲೋ" ಅಂದಿತು.
ಕತ್ತಲಲ್ಲಿ ಚಾಚಾ ನಗುವುದು ಕೇಳಿಸಿತು,
ಆಮೇಲೆ ಸುಳಿ ನಿಂತದ್ದು.
ಕೊಳವೆ ಮುಟ್ಟಿದೆ:
ಯಾರೋ ಈಗಷ್ಟೇ ಎದ್ದುಹೋದ
ಕುರ್ಚಿಯ ಬಿಸುಪು.

ಕೆಳಗಿಂದ ಲಾಲಬಿ ಕೂಗಿದಳು,
"ಏ ಸೂಗಿ, ನಳ ಬಂತು, ಲಗು ಬಾ!"
ಕೈಯ ಪೇಸ್ಟನ್ನು ತೂತುಬಿದ್ದ ದುಪಟ್ಟಾಕ್ಕೇ ಒರೆಸಿ
ಕೊಡ ತಡಕಾಡುತ್ತ
ಇಳಿದೆ.