ಇಳಿಸಿದ್ದು, ಏರಿಸಿದ್ದು

ಬೆಂಗ್ರೆಯ ಶಾಲೆಯಲ್ಲಿ ನೆಟ್‌ವರ್ಕು
ಕಿಟಕಿಯ ಮೂರನೇ ಸರಳಿನ ಹತ್ತಿರ ಮಾತ್ರ ಸಿಗುತ್ತದೆ,
ಅದೂ ಗಾಳಿ ಪಡುವಣದಿಂದ ಬೀಸದಿದ್ದರೆ.
ಹಾಗಾಗಿ ರಾತ್ರಿಯೇ ಬಿಜೈಯ ಮನೆಯಲ್ಲಿ ಕೂತು
ಪಾಠಗಳನ್ನು ಇಳಿಸಿಕೊಳ್ಳುತ್ತೇನೆ.
ಬೆಳಿಗ್ಗೆ ಬುತ್ತಿಯ ಪಕ್ಕ, ಕೊಡೆಯ ಕೆಳಗೆ
ಸೌರವ್ಯೂಹವನ್ನೋ ಜೀರ್ಣಾಂಗವನ್ನೋ ಹೊತ್ತುಕೊಂಡು
ದಕ್ಕೆಯ ಮೆಟ್ಟಿಲಿಳಿದು ಫೆರಿ ಹತ್ತುತ್ತೇನೆ.
"ಇವತ್ತು ಎಂತ ಉಂಟು ಟೀಚರೇ?"
ಬೋಟಿನ ಹಮ್ಮಬ್ಬ ಕೇಳುತ್ತಾನೆ,
ಮೀನಿನ ಬುಟ್ಟಿಯವಳನ್ನು ಕೇಳುವ ಹಾಗೆಯೇ.
"ಇವತ್ತು ಚಂದ್ರ" ಎಂದೆ.
"ಆಗಲಿ, ಹಾಳಾಗದ ಮಾಲು."

ಏಳು ನಿಮಿಷದ ವಿಡಿಯೋ.
ಕಪ್ಪು ಆಕಾಶ, ಅದರಲ್ಲೊಂದು ನೀಲಿ ಗೋಲಿ,
ನೀರು ಎರಡೂ ಕಡೆ ಉಬ್ಬಿ
ಗೋಲಿ ಮೊಟ್ಟೆಯಾಗುತ್ತದೆ. ಹಿಂದೆ ಪಿಟೀಲು.
ಹೇಳುವವನ ದನಿ ಎಷ್ಟು ನುಣುಪೆಂದರೆ
ನನ್ನ ಸೀಮೆಸುಣ್ಣದ ಬಗ್ಗೆ ನನಗೇ ನಾಚಿಕೆಯಾಯಿತು.
ಹಿಂದಿನ ಬೆಂಚಿನ ಲೋಹಿತ ಕರ್ಕೇರನೂ ನಿದ್ದೆ ಬಿಟ್ಟ.

ಆಗ ಮಿಸ್ರಿಯಾ ಕೈ ಎತ್ತಿದಳು.
ಎತ್ತಿದ ಕೈ ವಿಡಿಯೋಗೆ ಕಾಣುವುದಿಲ್ಲ,
ಅದು ಹೋಗುತ್ತಲೇ ಇತ್ತು, ಉಬ್ಬರ, ಇಳಿತ, ಪಿಟೀಲು.
ನಾನು ಬೆರಳಿಟ್ಟು ನಿಲ್ಲಿಸಿದೆ.
"ಚಂದ್ರ ಇರುವ ಕಡೆ ನೀರು ಏರುವುದು ಸರಿ ಟೀಚರ್,
ಬೆನ್ನ ಕಡೆ ಯಾಕೆ ಏರಿತು? ಅಲ್ಲಿ ಯಾರು ಎಳೆದದ್ದು?"

ಹದಿನೆಂಟು ವರ್ಷ ಈ ಪಾಠ ಮಾಡಿದ್ದೇನೆ.
ಎರಡು ಉಬ್ಬು ಬರೆದು, ಬಾಣದ ಗುರುತು ಹಾಕಿ,
ಎರಡು ಅಂಕದ ಪ್ರಶ್ನೆ ಎಂದು ಅಡಿಗೆರೆ ಎಳೆದಿದ್ದೇನೆ.
ಯಾರೂ ಕೇಳಿರಲಿಲ್ಲ. ನಾನೂ.
"ನಾಳೆ ಹೇಳುತ್ತೇನೆ" ಎಂದೆ.
ಅವಳು ಪುಸ್ತಕದ ಮೂಲೆಯಲ್ಲಿ "ನಾಳೆ" ಎಂದು ಬರೆದುಕೊಂಡಳು.

ಆ ರಾತ್ರಿ ಹನ್ನೊಂದು ವಿಡಿಯೋ ನೋಡಿದೆ.
ಒಂದರಲ್ಲಿ ಬರೀ ರಾಕೆಟ್ಟು. ಒಂದರಲ್ಲಿ ನಡುನಡುವೆ ಸಾಬೂನು.
ಒಬ್ಬ ತಪ್ಪನ್ನೇ ಎಷ್ಟು ಚೆಂದ ಹೇಳಿದನೆಂದರೆ
ಒಂದು ಗಳಿಗೆ ನಂಬಿಯೇ ಬಿಟ್ಟೆ.
ಒಂದೂವರೆ ಗಂಟೆಗೆ, ಯಾವುದೋ ದೇಶದ ಒಬ್ಬಳು ಮುದುಕಿ,
ಅಡುಗೆಮನೆಯ ಮೇಜು, ಓರೆ ಕ್ಯಾಮೆರಾ,
ಅಂಗಿಯ ಮೂರು ಗುಂಡಿ ಸಾಲಾಗಿಟ್ಟು
ಒಂದೊಂದನ್ನು ಒಂದೊಂದು ದೂರ ತಳ್ಳಿ ತೋರಿಸಿದಳು.
ಅವಳ ಮಾತು ಅರ್ಧ ಅರ್ಥವಾಗಲಿಲ್ಲ.
ಗುಂಡಿ ಅರ್ಥವಾಯಿತು.

ಮರುದಿನ ವಿಡಿಯೋ ಇಲ್ಲ. ಅಂಗಳದ ಹೊಯಿಗೆಯಲ್ಲಿ
ಮೂವರನ್ನು ಸಾಲಾಗಿ ನಿಲ್ಲಿಸಿದೆ.
"ಆ ತೆಂಗಿನಮರ ಚಂದ್ರ.
ದೀಕ್ಷಾ, ನೀನು ಹತ್ತಿರದ ನೀರು, ಆರು ಹೆಜ್ಜೆ ಓಡು.
ಅಫ್ರೀದ್, ನೀನು ಭೂಮಿ, ನಾಲ್ಕು.
ಲೋಹಿತ, ನೀನು ಬೆನ್ನ ಕಡೆಯ ನೀರು, ಎರಡೇ."
ಓಡಿದರು. ನೋಡಿದರೆ
ಭೂಮಿಯ ಎರಡೂ ಕಡೆ ಜಾಗ ಬಿರಿದಿತ್ತು.
"ಅವನು ಏರಿದ್ದಲ್ಲ!" ಮಿಸ್ರಿಯಾ ಕೂಗಿದಳು,
"ಭೂಮಿಯೇ ಅವನನ್ನು ಬಿಟ್ಟು ಮುಂದೆ ಹೋದದ್ದು!"
ಲೋಹಿತ ಅಲ್ಲೇ ನಿಂತು ನಗುತ್ತಿದ್ದ,
ಹಿಂದೆ ಉಳಿದದ್ದಕ್ಕೆ ಮೊದಲ ಸಲ ಮಾರ್ಕು ಸಿಕ್ಕವನ ಹಾಗೆ.

ಅಲ್ಲಿಗೆ ಮುಗಿಯಬೇಕಿತ್ತು. ಅವಳು ಬಿಡಬೇಕಲ್ಲ.
"ನನ್ನ ಅಜ್ಜ ಹೇಳುವುದು ಅದರಲ್ಲಿ ಇಲ್ಲ ಟೀಚರ್.
ಹುಣ್ಣಿಮೆಯ ಏಡಿ ಪೊಳ್ಳು, ಅಮಾಸೆಯದು ತುಂಬಿದ್ದು.
ಅದನ್ನು ಯಾರು ಹಾಕಬೇಕು?"
ನನ್ನ ಫೋನು ಕೊಟ್ಟೆ.
ಅಳಿವೆಯ ಕಡೆ ಮುಖಮಾಡಿ ಪೊಡಿಯಬ್ಬ ಕೂತರು,
ಬಲೆಯ ಕಣ್ಣು ಹೆಣೆಯುತ್ತ, ಅರ್ಧ ಬ್ಯಾರಿ, ಅರ್ಧ ತುಳು,
ಕ್ಯಾಮೆರಾದ ನೆನಪಾದಾಗ ಮಾತ್ರ ಕನ್ನಡ.
ಗಾಳಿಗೆ ಕೆಲವು ಮಾತು ಹಾರಿಹೋಗಿವೆ.
ಪಿಟೀಲು ಇಲ್ಲ, ಒಂದು ಕಾಗೆ ಉಂಟು.
ಕೊನೆಗೆ ಅವಳ ದನಿ:
"ನಿಜವಾ ಅಜ್ಜ? ತೂಗಿ ನೋಡಿದ್ದೀರಾ?"
ಅಜ್ಜ ಬಲೆ ಕೆಳಗಿಟ್ಟು ಅವಳನ್ನೇ ನೋಡುತ್ತಾರೆ.
ಅಷ್ಟೇ, ಮುಗಿಯಿತು.

ಸಂಜೆಯ ಫೆರಿಯಲ್ಲಿ ಅದನ್ನು ಏರಿಸಲು ಒತ್ತಿದೆ.
ನಡುನೀರಿನಲ್ಲಿ ಚಕ್ರ ತಿರುಗುತ್ತಲೇ ಇತ್ತು.
ಹಮ್ಮಬ್ಬ ಇಣುಕಿ, "ಭರತ ಬರುವ ಹೊತ್ತು,
ಏರುತ್ತದೆ ಬಿಡಿ" ಎಂದ.
ಈವರೆಗೆ ನೋಡಿದವರು ಮೂವತ್ತೊಂದು,
ಅದರಲ್ಲಿ ಹನ್ನೆರಡು ಸಲ ನಾನೇ.

ಈಗ ಅವಳ ಬಳಿ ಒಂದು ತಕ್ಕಡಿ ಉಂಟು, ಉದ್ದದ ನೋಟ್‌ಬುಕ್ಕು.
ಅಮಾಸೆಗೆ ಇನ್ನು ನಾಲ್ಕು ದಿನ.
ದಕ್ಕೆಯಲ್ಲಿ ಮುಳುಗಿದ ಮೆಟ್ಟಿಲು ಎಣಿಸಿ ಬರಬೇಕೆಂದು
ನನಗೂ ಮನೆಕೆಲಸ ಕೊಟ್ಟಿದ್ದಾಳೆ.
ಇವತ್ತು ಐದು.
ಬರೆದುಕೊಂಡಿದ್ದೇನೆ.