ಆರು ಪೊಟ್ಟಣ

ಹದಿನಾಲ್ಕು ವರ್ಷ, ಮಂಗಳವಾರ ಮಂಗಳವಾರ,
ನೆವಿಲ್ ಕೊಂಡದ್ದು ಒಂದೇ ಪೊಟ್ಟಣ:
ಸಣ್ಣ ಚಿಪ್ಸ್, ವಿನೆಗರ್ ಜಾಸ್ತಿ,
ಉಪ್ಪು ಮಾತ್ರ ಅವನೇ ಉದುರಿಸಬೇಕು.
ನಾಣ್ಯಗಳನ್ನು ಗಾಜಿನ ಮೇಲೆ ಸಾಲಾಗಿ ಇಡುತ್ತಿದ್ದ,
ಎಲ್ಲದರಲ್ಲೂ ರಾಣಿಯ ಮುಖ ಮೇಲೆ.
ಹಿಂದೆ ನಿಂತವರು ಗೊಣಗಿದರೆ
ನಾನು ಎಣ್ಣೆ ನೋಡುವ ನೆಪದಲ್ಲಿ ತಡಮಾಡುತ್ತಿದ್ದೆ.

ಮಾರ್ಚಿನಿಂದ ಆರು.
ದೊಡ್ಡವು, ಮೀನಿನ ಸಮೇತ.
ನಾಣ್ಯವಿಲ್ಲ, ಕಾರ್ಡು;
ಅದರ ಗುಟ್ಟಿನ ನಾಲ್ಕಂಕಿ ಜೋರಾಗಿ ಹೇಳಿಕೊಂಡೇ ಒತ್ತುತ್ತಿದ್ದ.
"ನಂಗೀಗ ಗೆಳೆಯರಿದ್ದಾರೆ, ಹಿಲ್ಡಾ."
ಆ ಮಾತನ್ನು ಬಿಸಿ ಪೊಟ್ಟಣದ ಹಾಗೆ
ಎರಡೂ ಕೈಯಲ್ಲಿ ಹಿಡಿದಿದ್ದ.
ನನಗೂ ಖುಷಿಯಾಯಿತು. ಸುಳ್ಳು ಹೇಳಲಾರೆ.

ಹೊರಗೆ ಗ್ರಿಮ್ಸ್‌ಬಿಯ ಬಂದರುಗಾಳಿ.
ಐದು ಜನ ಬಸ್ ಶೆಲ್ಟರಿನಲ್ಲಿ ಕೂತು ತಿಂದರು,
ಆರನೆಯದನ್ನು ಕಡಲಹಕ್ಕಿಗಳಿಗೆ ಸುರಿದರು.
ಅವನ ಟೋಪಿ ಎಸೆದರು, ಹೆಕ್ಕಿ ತಂದ.
ಮತ್ತೆ ಎಸೆದರು.
ನಕ್ಕರು. ಅವನೂ ನಕ್ಕ,
ನಗಬೇಕಾದ್ದು ಯಾವಾಗ ಎಂದು ಅವರ ಮುಖ ನೋಡಿ
ಅರೆಕ್ಷಣ ತಡವಾಗಿ.

ಕಂಡೆ. ಹಿಟ್ಟು ಕಲಸಿದೆ.
ಊರ ಉಸಾಬರಿ ನಮಗೇಕೆ ಅನ್ನುವುದು
ಈ ಬೀದಿಯಲ್ಲಿ ಮರ್ಯಾದೆಯ ಇನ್ನೊಂದು ಹೆಸರು.

ಜೂನಿನಲ್ಲಿ ಯಂತ್ರ ಎರಡು ಸಲ ಕಿರುಚಿತು. ಕಾರ್ಡು ಖಾಲಿ.
ಅಂಗೈ ಚಾಚಿದಾಗ ತೋಳು ಮೇಲೆ ಸರಿಯಿತು,
ಸಿಗರೇಟಿನ ತುದಿಯಷ್ಟೇ ಅಗಲದ
ಮೂರು ಗುರುತು.
"ಆಟ," ಅಂದ. "ನಾನು ಸೋತೆ."

ಒಲೆ ಆರಿಸಿದೆ. ಸಾಲಿನಲ್ಲಿದ್ದವರನ್ನು ಮನೆಗೆ ಕಳಿಸಿ
ಬಾಗಿಲ ಚಿಲಕ ಹಾಕಿದೆ.

ಬಂದ ಪೊಲೀಸ್ ಹುಡುಗಿ ಅವನೆದುರು
ಆಲೂಗಡ್ಡೆ ಮೂಟೆಯ ಮೇಲೆ ಕೂತಳು.
ಅವಳ ಕಾಗದದಲ್ಲಿ ಒಂದು ಪದ: ದ್ವೇಷಾಪರಾಧ.
ಅವನು ತಲೆಯಾಡಿಸಿದ.
"ದ್ವೇಷ ಅಲ್ಲ. ನನ್ನ ಹುಟ್ಟುಹಬ್ಬ ಅವರಿಗೆ ಗೊತ್ತು."
ಅವಳ ಪೆನ್ನು ನಿಂತಿತು.
ಹದಿನಾಲ್ಕು ವರ್ಷ,
ನನಗೆ ಗೊತ್ತಿರಲಿಲ್ಲ.

ನಮ್ಮ ಕಿಟಕಿಯಲ್ಲೂ ಒಂದು ಚೀಟಿಯಿದೆ,
ಕೌನ್ಸಿಲಿನವರು ಅಂಟಿಸಿ ಹೋದದ್ದು:
ಹೆದರಿಕೆಯಾದರೆ ಒಳಗೆ ಬನ್ನಿ.
ಎಣ್ಣೆಯ ಜಿಡ್ಡಿಗೆ ಅಕ್ಷರ ಹಳದಿಗಟ್ಟಿದೆ.
ಅವನು ವಾರವಾರವೂ ಒಳಗೆ ಬಂದೇ ಇದ್ದ.

ಇವತ್ತು ಒಂದೇ ಪೊಟ್ಟಣ.
ಬೆಲೆಪಟ್ಟಿಯ ಪಕ್ಕ ಸೀಮೆಸುಣ್ಣದಲ್ಲಿ ಬರೆದಿದ್ದೇನೆ:
ಅಕ್ಟೋಬರ್ ಒಂಬತ್ತು, ನೆವಿಲ್.
ಉಪ್ಪಿನ ಡಬ್ಬಿ ಅವನತ್ತ ತಳ್ಳಿದೆ.
ಖಾಲಿ ಶೆಲ್ಟರಿನ ಕಡೆ ನೋಡಿ ಕೇಳಿದ,
"ಅವರು ಬಂದಿದ್ರಾ?"

ಏಪ್ರನ್ ಬಿಚ್ಚಿ, ಗಾಜಿನ ಈಚೆ ಬಂದು,
ಅವನ ಪಕ್ಕ ಕೂತು ಒಂದು ಚಿಪ್ಸ್ ಕೇಳಿದೆ.
ಎರಡು ಕೊಟ್ಟ,
ದೊಡ್ಡವನ್ನೇ ಆರಿಸಿ.