ತಾನು

ಡಾಕ್ಟರು ಬರೆದುಕೊಟ್ಟ ಚೀಟಿಯಲ್ಲಿ ಮೂರೇ ಸಾಲು.
ಅನ್ನ ಕಡಿಮೆ. ನಡಿಗೆ ನಲವತ್ತು ನಿಮಿಷ.
ಮೂರನೆಯದು ಯಾರಿಗೂ ತಿಳಿಯದೆ
ಔಷಧಿ ಅಂಗಡಿಯ ಹುಡುಗ ದೀಪಕ್ಕೆ ಹಿಡಿದು ಓದಿದ:
"ಹತ್ತಿ ಬಟ್ಟೆ ಅಂತೈತಿ ಮೇಡಂ. ನಮ್ಮಲ್ಲಿ ಸಿಗಲ್ಲ."

ಅನ್ನ ಬಿಟ್ಟೆ. ನವಣೆಗೆ ನಾಲಿಗೆ ಒಗ್ಗಿತು.
ಬೆಣ್ಣೆ ದೋಸೆಯ ಬೀದಿಯಲ್ಲಿ
ಸಾಲಗಾರಳಂತೆ ತಲೆ ತಗ್ಗಿಸಿ ಹಾದೆ.
ಕುಂದುವಾಡ ಕೆರೆಯ ಏರಿಯ ಮೇಲೆ ಬೆಳಗಿನ ಆರಕ್ಕೆ
ಎಲ್ಲರ ಹಾಗೆ ನಾನೂ ಮಿರಿಮಿರಿ ಟ್ರ್ಯಾಕ್‌ಸೂಟಿನಲ್ಲಿ:
ನಡೆದರೆ ಚರಚರ, ನಿಂತರೆ ಬೆವರು,
ಕಂಕುಳಲ್ಲಿ, ಸೊಂಟದ ಎಲಾಸ್ಟಿಕ್ಕಿನ ಗುಂಟ
ಇರುವೆ ಸಾಲಿನಂಥ ಕೆಂಪು ಗಂದೆ.
ಒಳಗೆ ಹೊಲದ್ದು ತಿಂದು
ಹೊರಗೆ ಬಾಟಲಿ ಉಟ್ಟಿದ್ದೆ.

ಮಂಡಿಪೇಟೆಯಲ್ಲಿ ಏಳು ಅಂಗಡಿ ಹತ್ತಿಳಿದೆ.
"ಪ್ಯೂರ್ ಕಾಟನ್ನೇ ಅಕ್ಕಾ, ತಾಯಾಣೆ" ಎಂದರು ಏಳೂ ಜನ.
ಒಬ್ಬ ಮಾತ್ರ ಬಿಲ್ಲು ಹರಿಯುತ್ತ ಬುದ್ಧಿ ಹೇಳಿದ:
"ಹತ್ತೀದು ಮುದುರ್ತೈತಿ, ಬಣ್ಣ ಬಿಡ್ತೈತಿ, ಇಸ್ತ್ರಿ ಕೇಳ್ತೈತಿ.
ಇದು ನೋಡ್ರಿ, ನಿಮ್ ಮೊಮ್ಮಕ್ಕಳ ಕಾಲಕ್ಕೂ ಹಿಂಗೇ ಇರ್ತೈತಿ."
ಅದೇ ಭಯ, ಎಂದೆ.
ಅವನು ನಗಲಿಲ್ಲ.
ಮಿಲ್ಲಿನ ಸೈರನ್ನಿಗೆ ಗಡಿಯಾರ ತಿದ್ದಿಕೊಳ್ಳುತ್ತಿದ್ದ ಊರು ಇದು,
ಒಂದೆಳೆ ಹತ್ತಿಗೆ ಆಣೆ ಹಾಕುತ್ತದೆ.

ಏಳನೇ ಅಂಗಡಿಯದನ್ನು ನಂಬಿ
ಹೊಲಿಯಲು ಒಯ್ದೆ, ದಸ್ತಗೀರ್ ಸಾಬರ ಬಳಿ.
ಅಂಚಿನಿಂದ ಒಂದೆಳೆ ಹಿರಿದು ಕಡ್ಡಿ ಗೀರಿದರು.
ಎಳೆ ಉರಿಯಲಿಲ್ಲ. ಅಳುವಂತೆ ಕರಗಿ
ತುದಿಯಲ್ಲಿ ಕರಿಮಣಿಯಾಗಿ ಗಟ್ಟಿಯಾಯಿತು.
ಆಮೇಲೆ ತಮ್ಮದೇ ಅಂಗಿಯ ಚುಂಗಿನಿಂದ ಇನ್ನೊಂದು:
ಹೊತ್ತಿತು, ಬತ್ತಿಯ ಹಾಗೆ. ಕಾಗದ ಸುಟ್ಟ ವಾಸನೆ.
ಬೆರಳಲ್ಲಿ ಉಜ್ಜಿದರೆ ವಿಭೂತಿಯಷ್ಟು ನಯ.
"ಸತ್ತರೆ ಹಿಂಗ್ ಸಾಯ್ಬೇಕಮ್ಮ" ಎಂದು
ಊದಿಬಿಟ್ಟರು.

ಟ್ರಂಕಿನಿಂದ ಒಂದು ತಾನು ತೆಗೆದರು.
ಮಿಲ್ಲು ಮುಚ್ಚಿದ ವರ್ಷ
ಮೂರು ತಿಂಗಳ ಸಂಬಳದ ಬದಲು ಕೈಗಿಟ್ಟದ್ದು.
ಅರ್ಧ, ಮಗಳ ಮಕ್ಕಳ ತೊಟ್ಟಿಲಿಗೆ ಹೋಗಿತ್ತು.
ಒಂದಿಷ್ಟು, ಹೆಂಡತಿಯ ಕಫನಿಗೆ.
ಉಳಿದದ್ದು ಮಡಿಕೆಯ ಗೆರೆಯಲ್ಲಿ ಹಳದಿಗಟ್ಟಿ
ಒಣ ಬೇವಿನೆಲೆ ಉದುರಿಸುತ್ತ ಬಿಚ್ಚಿಕೊಂಡಿತು.

"ಈ ಬಟ್ಟೆ ಉಸಿರಾಡುತ್ತಂತೆ ಸಾಬ್ರೇ"
ಡಾಕ್ಟರ ಪಾಠ ಒಪ್ಪಿಸಿದೆ.
ಅವರಿಗಿಂತ ಮೊದಲು ಅವರ ಕೆಮ್ಮು ಉತ್ತರಿಸಿತು,
ಬಹಳ ಹೊತ್ತು.
ಹದಿನೆಂಟು ವರ್ಷ ಕಾರ್ಡಿಂಗ್ ಖಾತೆಯಲ್ಲಿ
ನಿತ್ಯ ಮಂಜಿನಂಥ ಹತ್ತಿ ಧೂಳಿನ ನಡುವೆ ನಿಂತ ಎದೆ.
ಮಶೀನಿನ ಮೇಲೆ ಕೈಯೂರಿ, ನೀರು ಕುಡಿದು ಹೇಳಿದರು:
"ಹೌದವ್ವ, ಉಸಿರಾಡ್ತೈತಿ.
ನಮ್ದೂ ಒಂದಿಷ್ಟು ಅದರಾಗೇ ಉಳ್ಕೊಂಡೈತಿ."

ಟೇಪು ಭುಜದಿಂದ ಭುಜಕ್ಕೆ ಹಾದುಹೋಯಿತು.
ನಾನು ಅಳತೆಗೆ ನಿಂತೇ ಇದ್ದೆ.

ಈಗ ಆ ಕುರ್ತಾ ತೊಟ್ಟು ಏರಿ ಸುತ್ತುತ್ತೇನೆ.
ಮುದುರುತ್ತದೆ, ನಿಜ.
"ಮನೇಲಿ ಕರೆಂಟಿಲ್ವೇನ್ರೀ?" ಮಂಗಳಗೌರಿ ಟೀಚರ ದಿನದ ತಮಾಷೆ.
ಬೆವರು ಕುಡಿಯುತ್ತದೆ, ಗಾಳಿಗೆ ಒಣಗುತ್ತದೆ,
ಗಂದೆ ಎಲ್ಲಿತ್ತೆಂದು ಹುಡುಕಬೇಕು.
ಟ್ರ್ಯಾಕ್‌ಸೂಟನ್ನು ಎಸೆಯಲಿಲ್ಲ. ಎಸೆದರೂ ಎಲ್ಲಿಗೆ ಹೋದೀತು?
ಸ್ಕೂಟಿ ಒರೆಸುತ್ತೇನೆ. ನೀರನ್ನೂ ನೆಟ್ಟಗೆ ಹೀರದು.

ಒಮ್ಮೊಮ್ಮೆ ಸಾಬರೂ ಬರುತ್ತಾರೆ.
ಎರಡನೇ ಬೆಂಚಿನ ತನಕ ಅವರ ಸುತ್ತು.
ಅಲ್ಲಿ ಕೂತು ದೂರದಿಂದ ನೋಡುತ್ತಿರುತ್ತಾರೆ,
ನನ್ನನ್ನಲ್ಲ,
ಮೂವತ್ತು ವರ್ಷ ಟ್ರಂಕಿನಲ್ಲಿದ್ದ ಸಂಬಳ
ಕೆರೆಗಾಳಿಗೆ ಉಬ್ಬಿ ನಡೆದುಬರುವುದನ್ನು.

ಹತ್ತಿರ ಬರುವಾಗ ನನಗೂ ಏದುಸಿರು, ಅವರಿಗೂ.
ಬೆಂಚಿನಲ್ಲಿ ಸರಿದು ಜಾಗ ಮಾಡುತ್ತಾರೆ,
ಕಣ್ಣು ಕಿರಿದಾಗಿಸಿ ನನ್ನ ತೋಳು ಹಿಡಿಯುತ್ತಾರೆ:
"ಇಲ್ಲೊಂದು ಹೊಲಿಗೆ ಬಿಟ್ಟೈತಿ.
ಎಳೀಬ್ಯಾಡ. ನಾಳೆ ಅಂಗಡಿ ಕಡೆ ಬಾ."